ಓಟಿ ಶೀಟು ತೆರೆಯದ ಆ ಗುರುವಾರ

ನಮ್ಮ ಈ ಪತ್ರಿಕೆಯಲ್ಲಿ ಊರಿನ ಮಳೆ, ಹಬ್ಬ, ಅಮ್ಮನ ಅಡುಗೆ ಇವುಗಳ ಬಗ್ಗೆ ಚೆನ್ನಾಗಿ ಬರೆಯುವವರು ತುಂಬ ಜನ ಇದ್ದಾರೆ. ನಾವು ಲೆಕ್ಕ ಬರೆಯುವ ಜನ. ನಮಗೆ ಗೊತ್ತಿರುವುದು ಡೆಬಿಟ್ಟು, ಕ್ರೆಡಿಟ್ಟು ಮತ್ತು ತಿಂಗಳ ಕೊನೆಯ ತಲೆಬಿಸಿ. ಹಾಗಾಗಿ ಈ ಸಲ ಒಂದು ಎಕ್ಸೆಲ್ ಫೈಲಿನ ವಿಷಯ ಬರೆಯುತ್ತಿದ್ದೇವೆ. ಅದರಲ್ಲೇನುಂಟು ಮಾರಾಯ್ರೆ ಅಂತ ಪುಟ ಮಗುಚಿ ಹಾಕಬೇಡಿ. ನಿಮ್ಮಲ್ಲಿ ಓವರ್‌ಟೈಮ್ ಮಾಡುವವರಿದ್ದರೆ ಇದು ನಿಮ್ಮದೇ ದುಡ್ಡಿನ ವಿಷಯ.

2023ರ ಆಗಸ್ಟ್ 3, ಗುರುವಾರ. ದುಬೈಯ ಅಲ್ ಕೂಜ್‌ನಲ್ಲಿ ನಮ್ಮ ಕಂಪನಿಯ ಆಫೀಸು. ಕಟ್ಟಡ ಕೆಲಸದ ಕಂಪನಿ, 212 ಜನ ಕಾರ್ಮಿಕರು, ಐದು ಸೈಟು. ಅಕೌಂಟ್ಸ್ ರೂಮಿನಲ್ಲಿ ಮೂರೇ ಜನ: ಕುಂದಾಪುರ ಕಡೆಯ ನಾವು, ತ್ರಿಶೂರಿನ ಒಬ್ಬರು, ಹೊಸದಾಗಿ ಸೇರಿದ ಹೈದರಾಬಾದಿನ ಒಬ್ಬ ಹುಡುಗ. ಬೆಳಿಗ್ಗೆ ಚಹಾ ಕುಡಿದು ಸಂಬಳದ ಕೆಲಸಕ್ಕೆ ಕೂತೆವು. ಸರ್ವರ್‌ನಲ್ಲಿದ್ದ ಟೈಮ್‌ಶೀಟ್ ಫೈಲಿನ ಮೇಲೆ ಎರಡು ಸಲ ಒತ್ತಿದೆವು. ತೆರೆಯಲಿಲ್ಲ.

ಆ ಫೈಲಿನ ಬಗ್ಗೆ ಸ್ವಲ್ಪ ಹೇಳಬೇಕು. ಅದನ್ನು ಮಾಡಿದವರು ನಮಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವರು. 2014ರಲ್ಲಿ ಮಾಡಿಟ್ಟು, ಮುಂದೆ ಕೆಲಸ ಬಿಟ್ಟು ಊರಿಗೆ ಹೋದರು. ಐದು ಸೈಟಿನ ಐದು ಟೈಮ್‌ಕೀಪರ್‌ಗಳು ದಿನಾ ಸಂಜೆ ಅದರಲ್ಲಿ ತಮ್ಮ ಜನರ ಗಂಟೆ ತುಂಬಿಸುತ್ತಿದ್ದರು. ಒಂದೇ ಫೈಲನ್ನು ಎಲ್ಲರೂ ಒಟ್ಟಿಗೆ ತೆರೆಯಲಿ ಅಂತ ಎಕ್ಸೆಲ್‌ನ ಹಳೇ ಕಾಲದ 'ಶೇರ್ ವರ್ಕ್‌ಬುಕ್' ಅನ್ನು ಹಾಕಿಟ್ಟಿದ್ದರು. ಅದು ಯಾರು ಯಾವಾಗ ಏನು ತಿದ್ದಿದರು ಎಂಬ ಚರಿತ್ರೆಯನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಫೈಲು ಊದಿಕೊಳ್ಳುತ್ತದೆ. ನಮ್ಮದು 61 ಎಂಬಿ ಆಗಿತ್ತು. ಕಂಟ್ರೋಲ್ ಎಂಡ್ ಒತ್ತಿದರೆ ಕರ್ಸರು ಸೀದಾ ಹತ್ತು ಲಕ್ಷದ ಸಾಲಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಎಕ್ಸೆಲ್ ಶೀಟಿನಲ್ಲಿ ಒಟ್ಟು ಸಾಲು ಇರುವುದೇ 10,48,576. ಯಾರೋ ಒಬ್ಬರು ಯಾವಾಗಲೋ ಶೀಟಿಗೆ ಪೂರ್ತಿ ಗೆರೆ ಹೊಡೆದು ಬಣ್ಣ ಬಳಿದಿದ್ದರ ಫಲ ಅದು.

ಇದೆಲ್ಲ ನಮಗೆ ಗೊತ್ತಿತ್ತು. ತೆರೆಯಲು ಎರಡು ನಿಮಿಷ ಬೇಕಾಗುತ್ತಿತ್ತು, ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲವೂ ನಾವು ಮೂವರೂ ಹೇಳುತ್ತಿದ್ದ ಮಾತು ಒಂದೇ: "ಮುಂದಿನ ತಿಂಗಳು ಇದನ್ನು ಸರಿ ಮಾಡೋಣ."

ಮೊದಲು ಬಂದ ಸಂದೇಶ, ಫೈಲು ಬೇರೆಯವರ ಬಳಕೆಯಲ್ಲಿದೆ ಅಂತ. ಇದು ಆಫೀಸಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಪರಿಚಯದ ಸಂದೇಶ. ಎಕ್ಸೆಲ್ ಒಂದು ಫೈಲನ್ನು ತೆರೆದಾಗ ಅದರ ಪಕ್ಕದಲ್ಲೇ ಅಲೆಗೆರೆ ಮತ್ತು ಡಾಲರ್ ಗುರುತಿನಿಂದ ಶುರುವಾಗುವ ಒಂದು ಚಿಕ್ಕ ಅಡಗಿದ ಫೈಲು ಇಡುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ತೆರೆದವರ ಕಂಪ್ಯೂಟರ್ ನಡುವೆ ಆರಿಹೋದರೆ ಮನುಷ್ಯ ಇಳಿದು ಹೋದರೂ ಟವೆಲ್ ಅಲ್ಲೇ ಉಳಿಯುತ್ತದೆ. ಯಾರೂ ತೆರೆದಿಲ್ಲ ಅಂತ ಐದೂ ಸೈಟಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಆ ಚಿಕ್ಕ ಫೈಲನ್ನು ಅಳಿಸಿದೆವು. ಇನ್ನು ತೆರೆಯುತ್ತದೆ ಅಂದುಕೊಂಡೆವು.

ಎರಡನೇ ಸಂದೇಶ ಬಂತು. ಫೈಲಿನ ಫಾರ್ಮ್ಯಾಟ್ ಸರಿಯಿಲ್ಲ, ಫೈಲು ಕೆಟ್ಟಿದೆಯೋ ನೋಡಿ ಅಂತ. ಆಗ ರೂಮಿನಲ್ಲಿ ಎಸಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಹೈದರಾಬಾದಿನ ಹುಡುಗ ಮೌಸ್ ಹಿಡಿದು ಏನೇನೋ ಒತ್ತಲು ಹೊರಟ. ತ್ರಿಶೂರಿನವರು ಅವನ ಕೈ ಹಿಡಿದರು. "ಮೊದಲು ಕಾಪಿ ಮಾಡು. ಏನೇ ಮಾಡುವುದಿದ್ದರೂ ಕಾಪಿಯ ಮೇಲೆ ಮಾಡು." ಅವತ್ತು ನಾವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೇ ಮೊದಲನೆಯದು. ಕೆಟ್ಟ ಫೈಲಿನ ಮೇಲೆ ಗೊತ್ತಿಲ್ಲದೆ ಒಂದು ಸಲ ಸೇವ್ ಒತ್ತಿದರೆ ಉಳಿದದ್ದೂ ಹೋಗುತ್ತದೆ.

ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ಇಲ್ಲ. ಕಂಟ್ರೋಲ್ ಕೀ ಒತ್ತಿ ಹಿಡಿದು ಎಕ್ಸೆಲ್ ಅನ್ನು ಸೇಫ್ ಮೋಡ್‌ನಲ್ಲಿ ಶುರು ಮಾಡಿ ನೋಡಿದೆವು. ಇಲ್ಲ. ಓಪನ್ ಬಟನ್ನಿನ ಪಕ್ಕದ ಚಿಕ್ಕ ಬಾಣದ ಗುರುತು ಒತ್ತಿದರೆ 'ಓಪನ್ ಆಂಡ್ ರಿಪೇರ್' ಅಂತ ಒಂದುಂಟು, ಅದನ್ನೂ ಮಾಡಿದೆವು. ಫೈಲು ಅರೆಬರೆ ಕೆಟ್ಟಿದ್ದರೆ ಅದರಲ್ಲಿ ಎಷ್ಟೋ ಸಲ ಕೆಲಸ ಆಗುತ್ತದೆ. ನಮಗೆ ಆಗಲಿಲ್ಲ. ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಲಿಬ್ರೆ ಆಫೀಸ್ ಹಾಕಿಕೊಂಡಿದ್ದ. ಎಕ್ಸೆಲ್ ಬೇಡ ಅಂದ ಫೈಲನ್ನು ಅದು ಕೆಲವು ಸಲ ತೆರೆದುಬಿಡುತ್ತದೆ. ಅಲ್ಲೂ ಇಲ್ಲ.

ವಾರಕ್ಕೆರಡು ದಿನ ಬರುವ ಐಟಿಯವರಿಗೆ ಫೋನ್ ಹಚ್ಚಿದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಫೈಲಿನ ಸೈಜ್ ಎಷ್ಟುಂಟು ನೋಡಿದ್ರಾ?" ನೋಡಿರಲಿಲ್ಲ. 61 ಎಂಬಿ ಇದ್ದದ್ದು 23 ಎಂಬಿ ಆಗಿತ್ತು. ಎಕ್ಸೆಲ್ ಫೈಲು ಅಂದರೆ ನಿಜವಾಗಿ ಒಂದು ಜಿಪ್ ಗಂಟು, ಒಳಗೆ ಪ್ರತಿ ಶೀಟಿಗೂ ಬೇರೆ ಬೇರೆ ಚಿಕ್ಕ ಫೈಲುಗಳು ಇರುತ್ತವೆ, ಯಾವುದು ಎಲ್ಲಿದೆ ಎಂಬ ಪಟ್ಟಿ ಗಂಟಿನ ಕೊನೆಯಲ್ಲಿರುತ್ತದೆ ಅಂತ ಅವರು ವಿವರಿಸಿದರು. ನಮ್ಮ ಫೈಲು ನಡುವಿನಲ್ಲೇ ತುಂಡಾಗಿದ್ದರಿಂದ ಆ ಪಟ್ಟಿಯೇ ಇರಲಿಲ್ಲ. ಹಿಂದಿನ ದಿನ ಸಂಜೆ ಯಾರೋ ಸೇವ್ ಒತ್ತಿದ ಹೊತ್ತಿಗೆ ಸರ್ವರ್‌ನಲ್ಲಿ ಜಾಗ ಮುಗಿದಿತ್ತು. ಜಾಗ ಯಾಕೆ ಮುಗಿಯಿತು ಅಂದರೆ, ಒಂದು ಸೈಟಿನ ಡ್ರೋನ್ ವಿಡಿಯೋಗಳನ್ನೆಲ್ಲ ಅದರೊಳಗೆ ತುಂಬಿಸಿದ್ದರು.

"ಬ್ಯಾಕಪ್ ಉಂಟಲ್ಲ?" ಅಂತ ಕೇಳಿದೆವು. ಉಂಟು. ಕೊನೆಯದಾಗಿ ಸರಿಯಾಗಿ ಆದದ್ದು ಮೇ ತಿಂಗಳಲ್ಲಿ. ಬ್ಯಾಕಪ್ ಡಿಸ್ಕೂ ತುಂಬಿಹೋಗಿತ್ತು, ಯಾರೂ ನೋಡಿರಲಿಲ್ಲ. ಯಾರೂ ಅಂದರೆ ನಾವೂ ಸೇರಿ.

ನಮ್ಮಲ್ಲಿ ಕೆಲವರಿಗೆ ಈ ಗಂಟೆಗಳ ಬೆಲೆ ಏನೆಂದು ಹೇಳಬೇಕಾಗಿಲ್ಲ, ಆದರೂ ಲೆಕ್ಕದವರ ಚಟ, ಹೇಳಿಬಿಡ್ತೇವೆ. ಮೂಲ ವೇತನ 800 ದಿರ್ಹಮ್ ಇರುವ ಒಬ್ಬ ಮೇಸ್ತ್ರಿ. ನಮ್ಮಲ್ಲಿ ಅದನ್ನು 30 ದಿನಕ್ಕೆ, 8 ಗಂಟೆಗೆ ಭಾಗಿಸಿ, ಕಾನೂನಿನ ಪ್ರಕಾರ ಕಾಲು ಭಾಗ ಸೇರಿಸಿದರೆ ಓಟಿಯ ಒಂದು ಗಂಟೆಗೆ ಸುಮಾರು 4 ದಿರ್ಹಮ್ 17 ಫಿಲ್ಸ್. ದಿನಕ್ಕೆ 2 ಗಂಟೆಯಂತೆ 26 ದಿನ ಮಾಡಿದರೆ 216 ದಿರ್ಹಮ್ ಮೇಲೆ. ಅಂದರೆ ಬೇಸಿಕ್‌ನ ಕಾಲು ಭಾಗಕ್ಕಿಂತ ಜಾಸ್ತಿ. ಎಷ್ಟೋ ಜನ ಬೇಸಿಕ್ ಪೂರ್ತಿ ಊರಿಗೆ ಕಳಿಸಿ, ಇಲ್ಲಿಯ ಊಟ, ಮೊಬೈಲ್ ಖರ್ಚನ್ನು ಓಟಿಯಲ್ಲೇ ನಡೆಸುತ್ತಾರೆ. ಅದೂ ಜುಲೈ ತಿಂಗಳ ಓಟಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಇಲ್ಲಿ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಹಾಗಾಗಿ ನಸುಕಿನಲ್ಲೇ ಬಸ್ಸು ಹತ್ತಿ, ಸಂಜೆ ತಡವಾಗಿ ಇಳಿದು ದುಡಿದ ಗಂಟೆಗಳು ಅವು.

2009ರಿಂದ ಯುಎಇಯಲ್ಲಿ ಸಂಬಳವೆಲ್ಲ ಡಬ್ಲ್ಯುಪಿಎಸ್ ಮೂಲಕ ಹೋಗಬೇಕು. ಸಿಫ್ ಎಂಬ ಫೈಲಿನಲ್ಲಿ ಒಬ್ಬೊಬ್ಬ ಕಾರ್ಮಿಕನಿಗೆ ಒಂದೊಂದು ಸಾಲು, ಅದರಲ್ಲಿ ನಿಗದಿತ ಸಂಬಳ ಒಂದು ಕಡೆ, ಬದಲಾಗುವ ಸಂಬಳ ಇನ್ನೊಂದು ಕಡೆ. ಓಟಿ ಹೋಗುವುದು ಈ ಎರಡನೆಯದರಲ್ಲಿ. ಸೋಮವಾರ ನಾವು ಅದನ್ನು ಎಕ್ಸ್‌ಚೇಂಜಿಗೆ ಕಳಿಸಬೇಕಿತ್ತು. ಆ ಜಾಗದಲ್ಲಿ ಸೊನ್ನೆ ಹಾಕಿ ಕಳಿಸಿದರೂ ಫೈಲು ಹೋಗುತ್ತದೆ, ಸಂಬಳ ಜಮೆ ಆಗುತ್ತದೆ, ಯಾವ ಕೆಂಪು ದೀಪವೂ ಉರಿಯುವುದಿಲ್ಲ.

ಮ್ಯಾನೇಜರೂ ಅದನ್ನೇ ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು. "ಈ ಸಲ ಬೇಸಿಕ್ ಹಾಕಿಬಿಡಿ. ಓಟಿಯನ್ನು ಮುಂದಿನ ತಿಂಗಳು ಅಡ್ಜಸ್ಟ್ ಮಾಡೋಣ." ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಮುಂದಿನ ತಿಂಗಳು ಅನ್ನುವ ಮಾತು ನಮಗೂ ಅಭ್ಯಾಸದ್ದೇ ಅಲ್ಲವೇ. ಶನಿವಾರ ಸಂಜೆವರೆಗೆ ಸಮಯ ಕೊಡಿ ಸರ್ ಅಂತ ಕೇಳಿಕೊಂಡೆವು.

ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಬೆಳಕು ಕಂಡಿತು. ಎಕ್ಸೆಲ್ ಸೇವ್ ಮಾಡುವಾಗ ಮೊದಲು ಅದೇ ಫೋಲ್ಡರಿನಲ್ಲಿ ಎಂಟಕ್ಷರದ ಏನೋ ಒಂದು ಹೆಸರಿನ ಹೊಸ ಪ್ರತಿ ಬರೆದು, ಆಮೇಲೆ ಅದಕ್ಕೆ ಹಳೆಯ ಹೆಸರು ಕೊಡುತ್ತದಂತೆ. ನಡುವೆ ನೆಟ್‌ವರ್ಕ್ ಕಡಿದರೆ ಆ ಹೆಸರಿಲ್ಲದ ಪ್ರತಿ ಹಾಗೇ ಬಿದ್ದಿರುತ್ತದೆ. ಐಟಿಯವರು ಹೇಳಿದ ಮೇಲೆ ಫೋಲ್ಡರಿನಲ್ಲಿ ಹುಡುಕಿದರೆ ಅಂಥವು ನಾಲ್ಕು ಸಿಕ್ಕವು. ನಾವು ಕಸ ಅಂತ ಎಷ್ಟೋ ಸಲ ಅಳಿಸಲು ಹೊರಟಿದ್ದವು. ಒಂದರ ಮೇಲೆ ಜುಲೈ 19, ಸಂಜೆ ಅಂತ ತಾರೀಖು. ಕೊನೆಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಸೇರಿಸಿ ತೆರೆದೆವು. ಎರಡು ನಿಮಿಷ ಗಾಲಿ ತಿರುಗಿ ತಿರುಗಿ, ತೆರೆಯಿತು! ಹುಡುಗ ಕುರ್ಚಿಯಿಂದ ಎದ್ದು ನಿಂತುಬಿಟ್ಟ.

19 ದಿನ ಸಿಕ್ಕಿತು. ಇನ್ನು ಬೇಕಾದದ್ದು 20ರಿಂದ 31ರವರೆಗೆ, 12 ದಿನ.

ಮೂರು ಸೈಟುಗಳಲ್ಲಿ ಫೋರ್‌ಮನ್ ಸಹಿ ಹಾಕಿದ ಕಾಗದದ ಹಾಳೆಗಳು ಇದ್ದವು. ನಾಲ್ಕನೇ ಸೈಟಿನ ಟೈಮ್‌ಕೀಪರ್ ಬಾಗಲಕೋಟೆ ಕಡೆಯವರು. ಫೋನ್ ಮಾಡಿ ಅಳುಕುತ್ತಲೇ ಕೇಳಿದೆವು, ಏನಾದರೂ ಬರೆದಿಟ್ಟಿದ್ದೀರಾ ಅಂತ. "ಬರದಿಟ್ಟೀನ್ರೀ ಸರ್. ಕಂಪ್ಯೂಟರ್ ಮ್ಯಾಗ ನನಗ ಅಷ್ಟು ನಂಬಿಕಿ ಇಲ್ರೀ. ದಿನಾ ನೋಟಬುಕ್ಕಿನ್ಯಾಗ ಬರಕೊಂಡ, ಆಮ್ಯಾಲ ಅದರಾಗ ಹೊಡೀತೀನಿ." ಅವರ ಕಂಪ್ಯೂಟರ್ ಜ್ಞಾನದ ಬಗ್ಗೆ ನಾವು ಎಷ್ಟು ಸಲ ನಕ್ಕಿದ್ದೆವೋ, ಅದೆಲ್ಲ ಆ ಕ್ಷಣದಲ್ಲಿ ನೆನಪಾಯಿತು.

ಐದನೇ ಸೈಟಿನಲ್ಲಿ ಏನೂ ಇರಲಿಲ್ಲ. 38 ಜನ. ಅಲ್ಲಿಯ ಟೈಮ್‌ಕೀಪರ್ ಟ್ಯಾಬ್ಲೆಟ್ಟಿನಿಂದ ಸೀದಾ ಶೀಟಿಗೆ ತುಂಬಿಸುತ್ತಿದ್ದರು. "ಕಾಗದ ಬೇಡ, ಸೀದಾ ಫೈಲಿನಲ್ಲೇ ಹಾಕಿ ಅಂತ ನೀವೇ ಹೇಳಿದ್ದಲ್ವಾ ಸರ್" ಅಂದರು. ಹೌದು, ಹಿಂದಿನ ವರ್ಷ ನಾವೇ ಹೇಳಿದ್ದು. ಆಫೀಸಿನಲ್ಲಿ ಕಾಗದ ಕಡಿಮೆ ಮಾಡುವ ಉತ್ಸಾಹದಲ್ಲಿ. ಬಿಕಾಂ ಓದುವಾಗ ಮೊದಲ ವರ್ಷವೇ ಕಲಿಸಿದ ಪಾಠ, ವೋಚರ್ ಇಲ್ಲದೆ ನಮೂದು ಇಲ್ಲ ಅಂತ. ಲೆಡ್ಜರ್ ಸುಟ್ಟುಹೋದರೂ ವೋಚರ್ ಕಟ್ಟು ಇದ್ದರೆ ಲೆಕ್ಕ ಮತ್ತೆ ಬರೆಯಬಹುದು. ಇಪ್ಪತ್ತು ವರ್ಷ ಅದೇ ಪಾಠದಲ್ಲಿ ಅನ್ನ ಉಂಡವರು ನಾವು. ಒಂದು ಸಾವಿರ ದಿರ್ಹಮಿನ ಸಿಮೆಂಟಿಗೆ ಮೂರು ಸಹಿ ಕೇಳುವವರು, ಮನುಷ್ಯನ ಗಂಟೆಗೆ ಒಂದು ಚೀಟಿಯನ್ನೂ ಉಳಿಸಿರಲಿಲ್ಲ.

ಶುಕ್ರವಾರ ಸಂಜೆ ನಾವು ಮೂವರೂ ಸೋನಾಪುರದ ಕ್ಯಾಂಪಿಗೆ ಹೋದೆವು. ಇಷ್ಟು ವರ್ಷ ಸಂಬಳದ ಪಟ್ಟಿಯಲ್ಲಿ ಬರೀ ನಂಬರು, ಹೆಸರು ಆಗಿದ್ದವರ ರೂಮಿನಲ್ಲಿ ಮಂಚದ ಮೇಲೆ ಕೂತೆವು. ಕ್ಯಾಂಪ್ ಬಾಸ್ ಎಲ್ಲರನ್ನೂ ಕರೆದರು. ಇದ್ದ ವಿಷಯ ಇದ್ದ ಹಾಗೆ ಹೇಳಿದೆವು. ಶೀಟು ಹಾಳಾಗಿದೆ, ತಪ್ಪು ನಮ್ಮದು, 20ನೇ ತಾರೀಖಿನಿಂದ ಯಾರು ಎಷ್ಟು ಓಟಿ ಮಾಡಿದ್ದೀರಿ ಹೇಳಿ ಅಂತ.

ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ತೆಗೆದರು. ಒಬ್ಬರದ್ದು ಗೋಡೆಗೆ ಹಾಕಿದ ಎಕ್ಸ್‌ಚೇಂಜ್ ಕ್ಯಾಲೆಂಡರಿನ ಮನೆಮನೆಯಲ್ಲೂ ಪೆನ್ಸಿಲ್ಲಿನಲ್ಲಿ 2, 2, 1, 2. ಒಬ್ಬ ಹುಡುಗ ದಿನಾ ಬಸ್ಸು ಹತ್ತುವಾಗ ಹೆಂಡತಿಗೆ ವಾಟ್ಸಾಪ್ ಕಳಿಸುತ್ತಿದ್ದ, "ಬಿಟ್ಟೆವು" ಅಂತ, ಆ ಸಮಯವೇ ಲೆಕ್ಕ. ಮಂಚದ ಪಕ್ಕದ ಗೋಡೆಯಲ್ಲಿ ಗೀಟು ಎಳೆದವರಿದ್ದರು. 38ರಲ್ಲಿ 21 ಜನರ ಹತ್ತಿರ ಏನಾದರೊಂದು ಗುರುತು ಇತ್ತು. 11 ಜನ ರೂಮಿನವರ ಜೊತೆ ತಾಳೆ ನೋಡಿ ಹೇಳಿದರು. ಇನ್ನುಳಿದ 6 ಜನರ ಹತ್ತಿರ ಏನೂ ಇಲ್ಲ.

ಆ ಆರರಲ್ಲಿ ಒಬ್ಬರು ಕಲಬುರಗಿ ಕಡೆಯ ಹಿರಿಯ ಮೇಸ್ತ್ರಿ. ಅವರ ಪಕ್ಕ ಕೂತು ಕೇಳಿದರೆ ಅವರಿಗೇ ಸಂಕೋಚ. "ನೀವೇ ನೋಡಿ ಹಾಕ್ರಿ ಸಾಹೇಬ್ರ. ನೀವೇನ್ ತಪ್ಪ ಹಾಕ್ತೀರಿ?"

ಜಗಳ ಮಾಡಿದ್ದರೆ ಸುಲಭ ಆಗುತ್ತಿತ್ತು. ಈ ಮಾತಿಗೆ ಏನು ಹೇಳುವುದು ಅಂತ ನಮಗೆ ಗೊತ್ತಾಗಲಿಲ್ಲ.

ಶನಿವಾರ ಬೆಳಿಗ್ಗೆ ಆ ಸೈಟಿನ ಗೇಟಿಗೆ ಹೋದೆವು. ಸೆಕ್ಯುರಿಟಿಯವರ ರಿಜಿಸ್ಟರಿನಲ್ಲಿ ಒಳ ಬಂದ, ಹೊರ ಹೋದ ಸಮಯ ಇರುತ್ತದೆ. ಕೈಕಾಲು ಹಿಡಿದು 9 ದಿನದ ಪುಟಗಳ ಫೋಟೋ ತೆಗೆದುಕೊಂಡೆವು. 29, 30, 31 ಇದ್ದ ಪುಸ್ತಕ ಬೇರೆ ಕಡೆ ಹೋಗಿತ್ತು. ಜನ ಹೇಳಿದ ಲೆಕ್ಕವನ್ನು ಗೇಟಿನ ಲೆಕ್ಕದ ಜೊತೆ ಸಾಲು ಸಾಲಾಗಿ ಹೊಂದಿಸಿದೆವು. ಹೆಚ್ಚು ಹೇಳಿಕೊಂಡಿರುತ್ತಾರೆ ಎಂಬ ಅನುಮಾನ ನಮ್ಮಲ್ಲಿತ್ತು, ಸುಳ್ಳು ಯಾಕೆ ಹೇಳುವುದು. ಹೆಚ್ಚುಕಡಿಮೆ ಎಲ್ಲವೂ ತಾಳೆಯಾಯಿತು. ಒಬ್ಬರದ್ದು ಮಾತ್ರ ಗೇಟಿನಲ್ಲಿ ಎರಡು ಗಂಟೆ ಜಾಸ್ತಿ ಇತ್ತು. ಫೋನ್ ಮಾಡಿ ಕೇಳಿದರೆ, "ಅವತ್ತು ಬಸ್ಸು ತಡ ಆಗಿ ಒಳಗೇ ಕೂತಿದ್ದೆ ಸಾರ್, ಕೆಲಸ ಮಾಡಿಲ್ಲ" ಅಂದರು.

ಗುರುತಿಲ್ಲದ ಆರು ಜನರಿಗೆ ಆ ಮೂರು ದಿನದ್ದು ಅವರವರ ತಂಡದ ಸರಾಸರಿ ಹಾಕಿದೆವು. ಶನಿವಾರ ರಾತ್ರಿ ಎಂಟಕ್ಕೆ ಮುಗಿಯಿತು. ಸೋಮವಾರ ಸಿಫ್ ಫೈಲು ಓಟಿ ಸಮೇತ ಹೋಯಿತು.

ಇಲ್ಲಿಗೆ ಮುಗಿದಿದ್ದರೆ ನಾವು ಬರೆಯುತ್ತಿರಲಿಲ್ಲವೋ ಏನೋ. ಅಕ್ಟೋಬರಿನಲ್ಲಿ ಆ ಸೈಟಿನ ಕೆಲಸ ಮುಗಿದು, ಕಾಣೆಯಾಗಿದ್ದ ಗೇಟ್ ಪುಸ್ತಕ ಬೇರೆ ಕಾಗದಗಳ ಜೊತೆ ನೋಡಲು ಸಿಕ್ಕಿತು. ತೆಗೆದು ನೋಡಿದೆವು. ಕಲಬುರಗಿಯ ಮೇಸ್ತ್ರಿ ಕೊನೆಯ ಮೂರು ದಿನ ಕಾಂಕ್ರೀಟ್ ಹಾಕುವ ತಂಡದ ಜೊತೆ ಹೆಚ್ಚು ಹೊತ್ತು ನಿಂತಿದ್ದರು. ಸರಾಸರಿ ಹಾಕಿದ್ದರಿಂದ ಅವರಿಗೆ 9 ಗಂಟೆ ಕಡಿಮೆ ಬಿದ್ದಿತ್ತು. 37 ದಿರ್ಹಮ್ 50 ಫಿಲ್ಸ್. ಅಷ್ಟು ಹೊತ್ತಿಗೆ ಅವರು ಕೆಲಸ ಬಿಟ್ಟು, ಲೆಕ್ಕ ಚುಕ್ತಾ ಅಂತ ಸಹಿ ಹಾಕಿ ಊರಿಗೆ ಹೋಗಿಯಾಗಿತ್ತು.

ವೋಚರ್ ಮಾಡಿದೆವು. ವಿವರಣೆಯಲ್ಲಿ "ಜುಲೈ ಓಟಿ ಬಾಕಿ, ಅಕೌಂಟ್ಸ್ ವಿಭಾಗದ ತಪ್ಪಿನಿಂದ ಕಡಿಮೆ ಕೊಟ್ಟದ್ದು" ಅಂತ ಬರೆದೆವು. ಮ್ಯಾನೇಜರ್ ಓದಿ, ಆಡಿಟಿನವರು ಪ್ರಶ್ನೆ ಕೇಳ್ತಾರೆ ಅಂತ ತಪ್ಪಿನ ಮಾತಿಗೆ ಗೆರೆ ಹೊಡೆದರು. ಆದರೆ ಸಹಿ ಹಾಕಿದರು. ಈಗ ಕಡತದಲ್ಲಿ ಉಳಿದಿರುವುದು "ಜುಲೈ ಓಟಿ ಬಾಕಿ" ಅಷ್ಟೇ. ದುಡ್ಡು ತಲುಪಿದ ಮೇಲೆ ಅವರೇ ಫೋನ್ ಮಾಡಿದರು. "ಇದ್ಯಾವ ರೊಕ್ಕ ಸಾಹೇಬ್ರ, ನಂದೆಲ್ಲ ಚುಕ್ತಾ ಆಗ್ಯಾದಲ್ಲ?" ವಿವರಿಸಿದೆವು. ಒಂದು ಕ್ಷಣ ಸುಮ್ಮನಿದ್ದು, "ಆ ಮೂರು ದಿನ ನನಗ ನೆನಪಿತ್ರಿ. ಹೆಂಗ ಕೇಳಾದಂತ ಸುಮ್ಮನಿದ್ದೆ" ಅಂದರು.

ಆ ಹಳೇ ಫೈಲನ್ನು ನಿಲ್ಲಿಸಿ ಆಗಿದೆ. ಈಗ ಪ್ರತಿ ಸೈಟಿಗೆ, ಪ್ರತಿ ತಿಂಗಳಿಗೆ ಬೇರೆ ಫೈಲು, ಹಳೆಯ ಪ್ರತಿಗಳು ತಾನಾಗಿಯೇ ಉಳಿಯುವ ಜಾಗದಲ್ಲಿ. ತಿಂಗಳ ಮೊದಲ ದಿನ ಬ್ಯಾಕಪ್ಪಿನಿಂದ ಒಂದು ಫೈಲು ತೆಗೆದು ನಿಜವಾಗಿ ತೆರೆದು ನೋಡುತ್ತೇವೆ. ಬ್ಯಾಕಪ್ ಆಗಿದೆ ಎಂದು ಯಾರಾದರೂ ಹೇಳಿದರೆ ಸಾಲದು. ಎಲ್ಲರ ಗಂಟೆಯನ್ನೂ ಪ್ರಿಂಟ್ ತೆಗೆದು ಕ್ಯಾಂಪಿನ ಬೋರ್ಡಿಗೆ ಅಂಟಿಸುತ್ತೇವೆ, ತಪ್ಪಿದ್ದರೆ ಎರಡು ದಿನದೊಳಗೆ ಹೇಳಲಿ ಅಂತ. ಕಾಗದದ ಹಾಳೆ ಐದನೇ ಸೈಟಿಗೂ ವಾಪಸು ಬಂದಿದೆ. ಬಾಗಲಕೋಟೆಯವರ ನೋಟ್‌ಬುಕ್ಕಿನಂಥದೇ ನೋಟ್‌ಬುಕ್ ಎಲ್ಲ ಟೈಮ್‌ಕೀಪರ್‌ಗಳಿಗೂ ಕಂಪನಿ ಖರ್ಚಿನಲ್ಲೇ ಕೊಟ್ಟಿದ್ದೇವೆ.

ಇದನ್ನು ಓದುವ ಅಣ್ಣ ತಮ್ಮಂದಿರಿಗೆ ನಮ್ಮದೊಂದು ವಿನಂತಿ. ನಿಮ್ಮ ಗಂಟೆಯನ್ನು ನೀವೂ ಬರೆದಿಡಿ. ತಾರೀಖು, ಶುರುವಾದ ಹೊತ್ತು, ಬಿಟ್ಟ ಹೊತ್ತು, ಅಷ್ಟು ಸಾಕು. ಸಂಬಳ ಬಂದ ದಿನ ಒಂದು ಸಲ ಕೂಡಿ ನೋಡಿ. ವ್ಯತ್ಯಾಸ ಇದ್ದರೆ ಕೇಳಿ, ಕೇಳಲು ಸಂಕೋಚ ಬೇಡ. ಆಫೀಸಿನಲ್ಲಿ ಕೂತವರು ತಪ್ಪು ಹಾಕುತ್ತಾರೆ. ಹಾಕಿದವರೇ ಹೇಳ್ತಿದ್ದೇವೆ.

ಕೊನೆಗೆ ಒಂದು ಮಾತು, ನಮ್ಮ ಸಂಘದ ಪದಾಧಿಕಾರಿಗಳಿಗೆ. ಸದಸ್ಯರ ಪಟ್ಟಿ, ಚಂದಾ ಲೆಕ್ಕ, ಕಾರ್ಯಕ್ರಮದ ಖರ್ಚು ಎಲ್ಲವೂ ಒಂದೇ ಶೀಟಿನಲ್ಲಿ ಇದೆ, ಏಳೆಂಟು ಜನ ತಿದ್ದುತ್ತಾರೆ, ತೆರೆಯಲು ಈಗೀಗ ಸ್ವಲ್ಪ ನಿಧಾನ ಆಗುತ್ತಿದೆ ಅಂತ ಕೇಳಿದೆವು. ಒಂದು ರಜೆಯ ದಿನ ಕರೆಯಿರಿ, ನಾವು ಮೂವರೂ ಬರುತ್ತೇವೆ. ಮುಂದಿನ ತಿಂಗಳು ಬೇಡ, ಈ ತಿಂಗಳೇ ಕರೆಯಿರಿ.